ಬ್ಲಾಕ್ ಎಷ್ಟು ಪರ್ಸೆಂಟ್ ಅನ್ನುವುದಷ್ಟೇ ಸಾಕಾ? ಹೃದಯದ ಎಂಆರ್‌ಐ ಕೇಳುವ ಬೇರೆ ಪ್ರಶ್ನೆ

ಆಂಜಿಯೋಗ್ರಾಮ್ ಮಾಡಿಸಿಕೊಂಡು ಬಂದವರನ್ನು ನೋಡಲು ಹೋದವರು ಮೊದಲು ಕೇಳುವುದು ಒಂದೇ ಮಾತು: ‘ಎಷ್ಟು ಪರ್ಸೆಂಟ್ ಬ್ಲಾಕ್ ಅಂತೆ?’ ಐವತ್ತು ಅಂದರೆ ಸಮಾಧಾನ, ತೊಂಬತ್ತು ಅಂದರೆ ಗಾಬರಿ. ರೋಗಿಗೆ, ಮನೆಯವರಿಗೆ, ಇನ್ಶೂರೆನ್ಸ್ ಕಂಪನಿಗೆ ಎಲ್ಲರಿಗೂ ಈ ಲೆಕ್ಕ ಅರ್ಥವಾಗುತ್ತದೆ. ಆದರೆ ಹಾರ್ಟ್ ಅಟ್ಯಾಕ್ ಆದಾಗ ಸಾಯುವುದು ರಕ್ತನಾಳವಲ್ಲ, ಅದರ ಹಿಂದಿರುವ ಸ್ನಾಯು. ಆ ಸ್ನಾಯು ಎಷ್ಟು ಸತ್ತಿದೆ, ಎಷ್ಟು ಉಳಿದಿದೆ, ಉಳಿದದ್ದಕ್ಕೆ ರಕ್ತ ಸಾಲುತ್ತಿದೆಯಾ ಅಂತ ಕೇಳುವವರು ಕಡಿಮೆ. ಈ ಮೂರೂ ಪ್ರಶ್ನೆಗೆ ಒಂದೇ ಸಲ ಮಲಗಿಸಿ ಉತ್ತರ ಕೊಡಬಲ್ಲ ಪರೀಕ್ಷೆ ಹೃದಯದ ಎಂಆರ್‌ಐ.

ಇದನ್ನು ಈಗ ಬರೆಯಲು ಕಾರಣವಿದೆ. 2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ಒಂದರ ಮೇಲೊಂದು ಬಂದಾಗ ಬೆಂಗಳೂರು ಮತ್ತು ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದರು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ತೀರಿಕೊಂಡಾಗಲೂ ಹೀಗೇ ಆಗಿತ್ತು. ಭಯ ಸುಳ್ಳಲ್ಲ. ದಕ್ಷಿಣ ಏಷ್ಯಾದವರಿಗೆ ಈ ಕಾಯಿಲೆ ಬೇಗ ಬರುತ್ತದೆ. ಇಂಟರ್‌ಹಾರ್ಟ್ ಅಧ್ಯಯನದ ಪ್ರಕಾರ ನಮ್ಮ ಕಡೆಯವರಲ್ಲಿ ಮೊದಲ ಅಟ್ಯಾಕ್ ಆಗುವ ನಡುವಿನ ವಯಸ್ಸು 53, ಬೇರೆ ದೇಶಗಳವರಲ್ಲಿ ಸುಮಾರು 59. ಆದರೆ ಭಯ ಬಂದ ಕೂಡಲೇ ‘ಇರೋಬರೋ ಸ್ಕ್ಯಾನ್ ಎಲ್ಲಾ ಮಾಡಿಸಿಬಿಡೋಣ’ ಅನ್ನುವ ಯೋಚನೆಯೂ ಬರುತ್ತದೆ. ಎಂಆರ್‌ಐ ಅಂಥ ಪಟ್ಟಿಗೆ ಸೇರುವ ಪರೀಕ್ಷೆ ಅಲ್ಲ. ಅದು ಎಲ್ಲಿ ಕೆಲಸಕ್ಕೆ ಬರುತ್ತದೆ, ಎಲ್ಲಿ ಬರುವುದಿಲ್ಲ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಪರ್ಸೆಂಟಿನ ಕಷ್ಟ

ಆಂಜಿಯೋಗ್ರಾಮ್‌ನಲ್ಲಿ ರಕ್ತನಾಳದೊಳಗೆ ಬಣ್ಣ ಬಿಟ್ಟು ಎಕ್ಸ್‌ರೇಯಲ್ಲಿ ನೋಡುತ್ತಾರೆ. ಎಲ್ಲಿ ಕಿರಿದಾಗಿದೆ ಅನ್ನುವುದು ಚೆನ್ನಾಗಿ ಕಾಣುತ್ತದೆ. ಆದರೆ ಆ ಕಿರಿದಾದ ಜಾಗದಿಂದ ಮುಂದೆ ರಕ್ತ ನಿಜಕ್ಕೂ ಕಡಿಮೆಯಾಗಿದೆಯಾ ಅನ್ನುವುದು ಚಿತ್ರದಿಂದ ಗೊತ್ತಾಗುವುದಿಲ್ಲ. ಅದನ್ನು ಅಳೆಯಲು ಎಫ್‌ಎಫ್‌ಆರ್ ಅನ್ನುವ ವಿಧಾನವಿದೆ. ಒತ್ತಡ ಅಳೆಯುವ ತೆಳು ತಂತಿಯನ್ನು ಬ್ಲಾಕ್ ದಾಟಿಸಿ, ಅದರ ಮುಂದಿನ ಒತ್ತಡ ಹಿಂದಿನ ಒತ್ತಡದ ಎಷ್ಟು ಪಾಲು ಇದೆ ಅಂತ ನೋಡುತ್ತಾರೆ. 0.80 ಅಥವಾ ಅದಕ್ಕಿಂತ ಕಡಿಮೆ ಬಂದರೆ ಬ್ಲಾಕ್ ರಕ್ತವನ್ನು ತಡೆಯುತ್ತಿದೆ ಅಂತ ಅರ್ಥ.

ಫೇಮ್ ಅನ್ನುವ ಅಧ್ಯಯನದಲ್ಲಿ ಹೀಗೆ ಅಳೆದ ನೂರಾರು ಬ್ಲಾಕ್‌ಗಳನ್ನು 2010ರಲ್ಲಿ ಮತ್ತೆ ಹೋಲಿಸಿ ನೋಡಿದರು. ಕಣ್ಣಿಗೆ 50ರಿಂದ 70 ಪರ್ಸೆಂಟ್ ಅಂತ ಕಂಡವುಗಳಲ್ಲಿ ನಿಜಕ್ಕೂ ರಕ್ತ ತಡೆಯುತ್ತಿದ್ದದ್ದು ಶೇ. 35 ಮಾತ್ರ. 71ರಿಂದ 90ರವರೆಗಿನ ಗುಂಪಿನಲ್ಲೂ ಐದರಲ್ಲಿ ಒಂದು ಬ್ಲಾಕ್ ತೊಂದರೆ ಕೊಡುತ್ತಿರಲಿಲ್ಲ. 90 ದಾಟಿದರೆ ಮಾತ್ರ ಕಣ್ಣಿನ ಅಂದಾಜು ಹೆಚ್ಚುಕಡಿಮೆ ಸರಿ. ಅಂದರೆ ನಾವು ಮನೆಮನೆಯಲ್ಲಿ ಹೇಳಿಕೊಳ್ಳುವ ಆ ‘ಎಪ್ಪತ್ತು ಪರ್ಸೆಂಟ್’ ಬಹಳ ಸಡಿಲವಾದ ಸಂಖ್ಯೆ.

ಕಾಲುವೆ ಎಷ್ಟು ಹೂಳು ತುಂಬಿದೆ ಅಂತ ನೋಡುವುದು ಒಂದು ಕೆಲಸ, ಗದ್ದೆಗೆ ಹೋಗಿ ಪೈರು ಒಣಗಿದೆಯಾ ಅಂತ ನೋಡುವುದು ಇನ್ನೊಂದು ಕೆಲಸ. ಎಂಆರ್‌ಐ ಗದ್ದೆಗೆ ಇಳಿಯುತ್ತದೆ.

ಯಂತ್ರದೊಳಗೆ ಏನಾಗುತ್ತದೆ

ನಮ್ಮ ಮೈಯಲ್ಲಿ ನೀರು ಜಾಸ್ತಿ, ನೀರಿನಲ್ಲಿ ಹೈಡ್ರೋಜನ್ ಜಾಸ್ತಿ. ಬಲವಾದ ಅಯಸ್ಕಾಂತದೊಳಗೆ ಇಟ್ಟು ರೇಡಿಯೋ ತರಂಗ ಬಿಟ್ಟರೆ ಈ ಹೈಡ್ರೋಜನ್‌ಗಳು ತಿರುಗಿ ಸಂಕೇತ ಕೊಡುತ್ತವೆ. ಅದನ್ನು ಹಿಡಿದು ಚಿತ್ರ ಮಾಡುವ ದಾರಿ ತೋರಿಸಿದ ಪಾಲ್ ಲಾಟರ್‌ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರಲ್ಲಿ ನೊಬೆಲ್ ಬಂತು. ಹೃದಯಕ್ಕೆ ಸಾಮಾನ್ಯವಾಗಿ ಬಳಸುವ 1.5 ಟೆಸ್ಲಾ ಯಂತ್ರದ ಶಕ್ತಿ ಭೂಮಿಯ ಅಯಸ್ಕಾಂತ ಶಕ್ತಿಯ ಸುಮಾರು 30,000 ಪಟ್ಟು. ಸಿಟಿಯಲ್ಲಿ, ವಿಕಿರಣ ಸೂಸುವ ಔಷಧ ಕೊಟ್ಟು ತೆಗೆಯುವ ನ್ಯೂಕ್ಲಿಯರ್ ಸ್ಕ್ಯಾನ್‌ನಲ್ಲಿ ಇರುವಂಥ ವಿಕಿರಣ ಇದರಲ್ಲಿ ಇಲ್ಲ.

ಮಂಡಿಯನ್ನೋ ಮೆದುಳನ್ನೋ ನೋಡುವುದಾದರೆ ರೋಗಿ ಅಲುಗಾಡದೆ ಮಲಗಿದರೆ ಸಾಕು. ಹೃದಯ ಮಾತ್ರ ಹೇಳಿದರೆ ನಿಲ್ಲುವುದಿಲ್ಲ, ಅಲ್ವಾ? ಅದಕ್ಕೇ ಎದೆಗೆ ಇಸಿಜಿ ಹಚ್ಚಿ, ಪ್ರತಿ ಬಡಿತದ ಒಂದೇ ಘಟ್ಟದಲ್ಲಿ ಚೂರುಚೂರು ಮಾಹಿತಿ ತೆಗೆದು, ಹಲವು ಬಡಿತಗಳದ್ದನ್ನು ಸೇರಿಸಿ ಒಂದು ಚಿತ್ರ ಕಟ್ಟುತ್ತಾರೆ. ಈ ನಡುವೆ ರೋಗಿಗೆ ‘ಉಸಿರು ಬಿಡಿ, ಹಿಡಿದುಕೊಳ್ಳಿ’ ಅಂತ ಮತ್ತೆಮತ್ತೆ ಹೇಳುತ್ತಿರುತ್ತಾರೆ. ಬಡಿತ ತಾಳ ತಪ್ಪಿದ್ದರೆ, ಉಸಿರು ಹಿಡಿಯಲು ಆಗದಿದ್ದರೆ ಚಿತ್ರ ಮಸುಕಾಗುತ್ತದೆ. ಹೊಸ ಸಾಫ್ಟ್‌ವೇರ್‌ಗಳು ಸಹಜವಾಗಿ ಉಸಿರಾಡುತ್ತಿದ್ದಾಗಲೂ ಚಿತ್ರ ತೆಗೆಯುತ್ತವೆ. ಎಲ್ಲ ಕಡೆ ಅವು ಇನ್ನೂ ಇಲ್ಲ.

ಮೊದಲು ಹೃದಯ ಬಡಿಯುವ ಚಲಿಸುವ ಚಿತ್ರ ತೆಗೆಯುತ್ತಾರೆ. ಎಕೋದಲ್ಲಿ, ಅಂದರೆ ಹೃದಯದ ಅಲ್ಟ್ರಾಸೌಂಡ್‌ನಲ್ಲಿ ಹೇಳುವ ‘ಪಂಪಿಂಗ್ ಇಷ್ಟು’ ಅನ್ನುವ ಸಂಖ್ಯೆ (ಪ್ರತಿ ಬಡಿತಕ್ಕೆ ಒಳಗಿನ ರಕ್ತದಲ್ಲಿ ಶೇಕಡಾ ಎಷ್ಟು ಹೊರಗೆ ಹೋಗುತ್ತದೆ ಅನ್ನುವುದು) ಇಲ್ಲೂ ಬರುತ್ತದೆ, ಇನ್ನೂ ಖಚಿತವಾಗಿ ಬರುತ್ತದೆ. ಎಕೋದಲ್ಲಿ ದಪ್ಪ ಮೈಯವರ ಅಥವಾ ಶ್ವಾಸಕೋಶದ ಕಾಯಿಲೆ ಇರುವವರ ಹೃದಯ ಸರಿಯಾಗಿ ಕಾಣದೆ ಹೋಗಬಹುದು. ಎಂಆರ್‌ಐಗೆ ಆ ತೊಂದರೆ ಇಲ್ಲ. ಆದರೆ ಪಂಪಿಂಗ್ ನೋಡಲು ಮಾತ್ರ ಎಂಆರ್‌ಐ ಮಾಡಿಸುವುದು ದುಂದು. ಅದರ ಅಸಲಿ ಬಲ ಮುಂದಿನ ಎರಡು ಹಂತಗಳಲ್ಲಿದೆ.

ಸತ್ತ ಸ್ನಾಯು ಬೆಳ್ಳಗೆ ಕಾಣುತ್ತದೆ

ಗ್ಯಾಡೋಲಿನಿಯಂ ಅನ್ನುವ ಲೋಹದಿಂದ ಮಾಡಿದ ಇಂಜೆಕ್ಷನ್ ಒಂದನ್ನು ರಕ್ತಕ್ಕೆ ಬಿಡುತ್ತಾರೆ. ಇದು ಜೀವಂತ ಕೋಶದ ಒಳಗೆ ಹೋಗಲಾರದು, ಕೋಶಗಳ ನಡುವಿನ ಸಂದಿಯಲ್ಲೇ ಓಡಾಡುತ್ತದೆ. ಆರೋಗ್ಯವಾದ ಹೃದಯ ಸ್ನಾಯುವಿನಲ್ಲಿ ಕೋಶಗಳು ಒತ್ತೊತ್ತಾಗಿರುವುದರಿಂದ ಔಷಧಕ್ಕೆ ಜಾಗ ಕಡಿಮೆ, ಬೇಗ ತೊಳೆದುಹೋಗುತ್ತದೆ. ಹೊಸದಾಗಿ ಅಟ್ಯಾಕ್ ಆಗಿದ್ದರೆ ಕೋಶಗಳ ಗೋಡೆ ಒಡೆದಿರುತ್ತದೆ, ಔಷಧ ಒಳಗೂ ನುಗ್ಗುತ್ತದೆ. ಹಳೆಯದಾಗಿದ್ದರೆ ಸತ್ತ ಜಾಗದಲ್ಲಿ ನಾರಿನಂಥ ಕಲೆ ಕಟ್ಟಿಕೊಂಡಿರುತ್ತದೆ, ಅದರಲ್ಲಿ ಸಂದಿ ಜಾಸ್ತಿ. ಎರಡೂ ಕಡೆ ಔಷಧ ನಿಂತುಬಿಡುತ್ತದೆ. ಹತ್ತು ಹದಿನೈದು ನಿಮಿಷ ಕಾದು, ಆರೋಗ್ಯವಾದ ಸ್ನಾಯು ಕಪ್ಪಾಗಿ ಕಾಣುವಂತೆ ಯಂತ್ರವನ್ನು ಹೊಂದಿಸಿ ಚಿತ್ರ ತೆಗೆದರೆ ಸತ್ತ ಭಾಗ ಬೆಳ್ಳಗೆ ಹೊಳೆಯುತ್ತದೆ.

ಬಿಳಿ ಎಲ್ಲಿದೆ ಅನ್ನುವುದೂ ಮುಖ್ಯ. ಹೃದಯದ ಗೋಡೆಯ ಒಳಪದರಕ್ಕೆ ರಕ್ತ ತಲುಪುವುದು ಕಷ್ಟ. ಆದ್ದರಿಂದ ರಕ್ತನಾಳ ಕಟ್ಟಿಕೊಂಡಾಗ ಸ್ನಾಯು ಒಳಗಿನಿಂದ ಸಾಯಲು ಶುರುವಾಗಿ ಹೊತ್ತು ಕಳೆದಂತೆ ಹೊರಪದರದ ಕಡೆಗೆ ಹರಡುತ್ತದೆ. ರೈಮರ್ ಮತ್ತು ಜೆನ್ನಿಂಗ್ಸ್ 1970ರ ದಶಕದಲ್ಲೇ ನಾಯಿಗಳ ಮೇಲಿನ ಪ್ರಯೋಗದಲ್ಲಿ ಇದನ್ನು ತೋರಿಸಿದ್ದರು. ಹಾಗಾಗಿ ಬಿಳಿ ಒಳಪದರಕ್ಕೆ ಅಂಟಿಕೊಂಡಿದ್ದು ಒಂದು ರಕ್ತನಾಳದ ಜಾಗಕ್ಕೆ ಸರಿಹೊಂದಿದರೆ ಅದು ಅಟ್ಯಾಕ್‌ನ ಗುರುತು. ಒಳಪದರ ಬಿಟ್ಟು ನಡುವೆಯೋ ಹೊರಗೋ ಇದ್ದರೆ ಹೃದಯ ಸ್ನಾಯುವಿನ ಉರಿಯೂತವೋ ಬೇರೆ ಕಾಯಿಲೆಯೋ ಇರಬಹುದು. ಮೈಗೆಲ್ಲ ರಕ್ತ ತಳ್ಳುವ ಕೋಣೆಯಾದ ಎಡ ಹೃತ್ಕುಕ್ಷಿಯ ಗೋಡೆಯೇ ಒಂದು ಸೆಂಟಿಮೀಟರಿಗಿಂತ ತುಸು ಕಡಿಮೆ ದಪ್ಪ. ಎಂಆರ್‌ಐ ಅದರಲ್ಲಿ ಒಂದೂವರೆ ಎರಡು ಮಿಲಿಮೀಟರಿನ ವ್ಯತ್ಯಾಸ ತೋರಿಸುತ್ತದೆ. ನ್ಯೂಕ್ಲಿಯರ್ ಸ್ಕ್ಯಾನ್‌ಗೆ ಅಷ್ಟು ಸೂಕ್ಷ್ಮತೆ ಇಲ್ಲ. 2003ರ ಒಂದು ಹೋಲಿಕೆಯಲ್ಲಿ ಒಳಪದರಕ್ಕೆ ಮಾತ್ರ ಸೀಮಿತವಾದ ಕಲೆ ಇದ್ದ ಭಾಗಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟನ್ನು ನ್ಯೂಕ್ಲಿಯರ್ ಸ್ಕ್ಯಾನ್ ಹಿಡಿಯಲಿಲ್ಲ.

ಈ ವಿಧಾನಕ್ಕೆ ಹೆಸರು ತಂದದ್ದು 2000ದಲ್ಲಿ ಅಮೆರಿಕದ ರೇಮಂಡ್ ಕಿಮ್, ರಾಬರ್ಟ್ ಜಡ್ ಮತ್ತು ಜೊತೆಗಾರರು ಪ್ರಕಟಿಸಿದ ಅಧ್ಯಯನ. ರೋಗಿಗಳು 50 ಮಂದಿ ಮಾತ್ರ. ಬೈಪಾಸ್ ಅಥವಾ ಆಂಜಿಯೋಪ್ಲಾಸ್ಟಿಗೆ ಮೊದಲು ಎಂಆರ್‌ಐ ಮಾಡಿ, ಆಮೇಲೆ ಮತ್ತೆ ಮಾಡಿ ಹೋಲಿಸಿದರು. ಸರಿಯಾಗಿ ಕುಗ್ಗದಿದ್ದರೂ ಬಿಳಿ ಇಲ್ಲದಿದ್ದ 329 ಭಾಗಗಳಲ್ಲಿ 256 ಚೇತರಿಸಿಕೊಂಡವು. ಗೋಡೆಯ ಮುಕ್ಕಾಲಿಗಿಂತ ಹೆಚ್ಚು ಬಿಳಿಯಾಗಿದ್ದ 58 ಭಾಗಗಳಲ್ಲಿ ಚೇತರಿಸಿಕೊಂಡದ್ದು ಒಂದೇ ಒಂದು. ಎಕೋದಲ್ಲಿ ನೋಡಿದರೆ ಎರಡೂ ಒಂದೇ ಥರ ಅಲುಗಾಡದ ಗೋಡೆಗಳು. ಆದರೆ ಒಂದರಲ್ಲಿದ್ದದ್ದು ರಕ್ತ ಸಾಲದೆ ಕೆಲಸ ನಿಲ್ಲಿಸಿ ಜೀವ ಹಿಡಿದುಕೊಂಡಿದ್ದ ಸ್ನಾಯು, ಇನ್ನೊಂದರಲ್ಲಿ ಬರೀ ಕಲೆ. ಇವೆರಡನ್ನು ಬೇರ್ಪಡಿಸಿ ತೋರಿಸಿದ್ದು ಆಗ ದೊಡ್ಡ ಸುದ್ದಿ.

ಯಾರಿಗೂ ಗೊತ್ತಾಗದೆ ಆಗಿಹೋದ ಅಟ್ಯಾಕ್‌ಗಳನ್ನೂ ಇದೇ ಬಿಳಿ ಗುರುತು ತೋರಿಸಿಕೊಡುತ್ತದೆ. ಐಸ್‌ಲ್ಯಾಂಡ್‌ನಲ್ಲಿ 67ರಿಂದ 93 ವಯಸ್ಸಿನ 936 ಮಂದಿಯನ್ನು ಪರೀಕ್ಷಿಸಿದ ಅಧ್ಯಯನ 2012ರಲ್ಲಿ ಬಂತು. ಅಟ್ಯಾಕ್ ಆಗಿದೆ ಅಂತ ದಾಖಲೆ ಇದ್ದವರು 91 ಮಂದಿ. ದಾಖಲೆ ಇಲ್ಲದೆಯೂ ಹೃದಯದಲ್ಲಿ ಕಲೆ ಇದ್ದವರು 157. ಮಧುಮೇಹ ಇದ್ದವರಲ್ಲಿ ಇದು ಇನ್ನೂ ಹೆಚ್ಚಿತ್ತು. ‘ಗ್ಯಾಸ್ಟ್ರಿಕ್ ಇರಬೇಕು’ ಅಂತ ಒಂದು ಮಾತ್ರೆ ನುಂಗಿ ಮಲಗುವ ಅಭ್ಯಾಸ ನಮ್ಮಲ್ಲೂ ಇದೆ, ಸಕ್ಕರೆ ಕಾಯಿಲೆಯೂ ಧಾರಾಳವಾಗಿದೆ. ಇಂಥ ಲೆಕ್ಕ ಇಲ್ಲಿ ತೆಗೆದರೆ ಏನು ಕಾಣಬಹುದು ಅಂತ ಯೋಚಿಸಿದರೆ ಸ್ವಲ್ಪ ಅಳುಕಾಗುತ್ತದೆ.

ರಕ್ತ ಸಾಲುತ್ತಿದೆಯಾ?

ಇನ್ನೊಂದು ಬಲ ಸ್ಟ್ರೆಸ್ ಪರೀಕ್ಷೆ. ಟ್ರೆಡ್‌ಮಿಲ್ ಮೇಲೆ ಓಡಿಸುವ ಬದಲು ಅಡೆನೋಸಿನ್ ಅನ್ನುವ ಔಷಧವನ್ನು ಕೆಲವು ನಿಮಿಷ ರಕ್ತಕ್ಕೆ ಹರಿಸುತ್ತಾರೆ. ಆರೋಗ್ಯವಾದ ಹೃದಯದಲ್ಲಿ ರಕ್ತನಾಳಗಳು ಅಗಲವಾಗಿ ಹರಿವು ಮೂರು ನಾಲ್ಕು ಪಟ್ಟು ಏರುತ್ತದೆ. ಬ್ಲಾಕ್ ಇರುವ ಕಡೆ, ಅದರ ಮುಂದಿನ ಸಣ್ಣ ನಾಳಗಳು ಕೊರತೆ ತುಂಬಲು ಮೊದಲೇ ಅಗಲವಾಗಿರುತ್ತವೆ. ಇನ್ನೂ ಅಗಲವಾಗಲು ಅವಕ್ಕೆ ಆಗುವುದಿಲ್ಲ. ಅದೇ ಹೊತ್ತಿಗೆ ಗ್ಯಾಡೋಲಿನಿಯಂ ಕೊಟ್ಟರೆ ರಕ್ತ ಚೆನ್ನಾಗಿ ಬಂದ ಕಡೆ ಬೆಳ್ಳಗಾಗುತ್ತದೆ, ಬರದ ಕಡೆ ಕಪ್ಪು ಉಳಿಯುತ್ತದೆ. ಇಲ್ಲಿ ಮಾತ್ರ ಲೆಕ್ಕ ಉಲ್ಟಾ: ಕಪ್ಪು ಕಂಡರೆ ಕಷ್ಟ.

ಅಡೆನೋಸಿನ್ ಹರಿಯುವಾಗ ಎದೆ ಬಿಗಿದಂತೆ, ಮುಖ ಬಿಸಿಯಾದಂತೆ, ಏದುಸಿರು ಬಂದಂತೆ ಆಗುತ್ತದೆ. ಮೊದಲೇ ಹೇಳದಿದ್ದರೆ ರೋಗಿ ಹೆದರಿಬಿಡುತ್ತಾರೆ. ರಕ್ತದಲ್ಲಿ ಈ ಔಷಧದ ಆಯಸ್ಸು ಕೆಲವೇ ಸೆಕೆಂಡು, ನಿಲ್ಲಿಸಿದ ಕೂಡಲೇ ಎಲ್ಲ ತಹಬಂದಿಗೆ ಬರುತ್ತದೆ. ಜೋರಾದ ಅಸ್ತಮಾ ಇರುವವರಿಗೆ ಇದನ್ನು ಕೊಡುವುದಿಲ್ಲ, ಬೇರೆ ಔಷಧ ನೋಡುತ್ತಾರೆ. ಇನ್ನೊಂದು ವಿಷಯ: ಹಿಂದಿನ ದಿನದಿಂದಲೇ ಕಾಫಿ, ಟೀ ಬಿಡಬೇಕು. ಕೆಫೀನ್ ಅಡೆನೋಸಿನ್‌ನ ಕೆಲಸಕ್ಕೆ ಅಡ್ಡಬರುತ್ತದೆ, ಬ್ಲಾಕ್ ಇದ್ದರೂ ಇಲ್ಲ ಅಂತ ತೋರಿಸಬಹುದು. ಬೆಳಗಿನ ಫಿಲ್ಟರ್ ಕಾಫಿ ಇಲ್ಲದೆ ಕಣ್ಣೇ ಬಿಡದ ನಮ್ಮ ಜನಕ್ಕೆ ಇಡೀ ಪರೀಕ್ಷೆಯಲ್ಲಿ ಕಷ್ಟದ ಭಾಗ ಇದೇ ಇರಬೇಕು.

ಇದು ಎಷ್ಟು ನಂಬಿಕೆಗೆ ಅರ್ಹ? ಬ್ರಿಟನ್ನಿನ ಲೀಡ್ಸ್‌ನಲ್ಲಿ 752 ರೋಗಿಗಳ ಮೇಲೆ ನಡೆದ ಸಿಇ-ಮಾರ್ಕ್ ಅಧ್ಯಯನ 2012ರಲ್ಲಿ ಬಂತು. ಒಬ್ಬೊಬ್ಬರಿಗೂ ಎಂಆರ್‌ಐ, ನ್ಯೂಕ್ಲಿಯರ್ ಸ್ಕ್ಯಾನ್, ಆಂಜಿಯೋಗ್ರಾಮ್ ಮೂರನ್ನೂ ಮಾಡುವುದು ಅದರ ಯೋಜನೆ. ಕಾಯಿಲೆ ಇದ್ದವರಲ್ಲಿ ಎಂಆರ್‌ಐ ಶೇ. 86.5ರಷ್ಟನ್ನು ಹಿಡಿಯಿತು, ನ್ಯೂಕ್ಲಿಯರ್ ಸ್ಕ್ಯಾನ್ ಶೇ. 66.5. ಅದೇ ತಂಡ 2016ರಲ್ಲಿ 1,202 ಮಂದಿಯ ಇನ್ನೊಂದು ಅಧ್ಯಯನ ತಂದಿತು. ಅಂದಿನ ಬ್ರಿಟಿಷ್ ಮಾರ್ಗಸೂಚಿಯಂತೆ ನಡೆದುಕೊಂಡಾಗ ಶೇ. 28.8 ಮಂದಿಗೆ ಬೇಡದ ಆಂಜಿಯೋಗ್ರಾಮ್ ಆಗಿತ್ತು. ಮೊದಲು ಎಂಆರ್‌ಐ ಮಾಡಿದ ಗುಂಪಿನಲ್ಲಿ ಅದು ಶೇ. 7.5ಕ್ಕೆ ಇಳಿಯಿತು. ಇಲ್ಲಿ ನ್ಯೂಕ್ಲಿಯರ್ ಸ್ಕ್ಯಾನ್ ಗುಂಪೂ ಶೇ. 7.1ರೊಂದಿಗೆ ಸರಿಸಮ ಬಂತು ಅನ್ನುವುದನ್ನು ಎಂಆರ್‌ಐ ಅಭಿಮಾನಿಗಳು ಮೆಲ್ಲಗೆ ಹೇಳುತ್ತಾರೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ತೂಕದ ಪುರಾವೆ 2019ರ ಎಂಆರ್-ಇನ್‌ಫಾರ್ಮ್. ಎದೆನೋವು ಇದ್ದ 918 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ನೇರ ಆಂಜಿಯೋಗ್ರಾಮ್ ಮತ್ತು ಎಫ್‌ಎಫ್‌ಆರ್ ತಂತಿ. ಇನ್ನೊಂದಕ್ಕೆ ಮೊದಲು ಎಂಆರ್‌ಐ, ಅದರಲ್ಲಿ ರಕ್ತದ ಕೊರತೆ ಕಂಡರೆ ಮಾತ್ರ ಆಂಜಿಯೋ. ಒಂದು ವರ್ಷದ ನಂತರ ಸಾವು, ಅಟ್ಯಾಕ್ ಮುಂತಾದ ಅನಾಹುತ ಎಂಆರ್‌ಐ ಗುಂಪಿನಲ್ಲಿ ಶೇ. 3.6, ತಂತಿಯ ಗುಂಪಿನಲ್ಲಿ ಶೇ. 3.7. ಆದರೆ ಸ್ಟೆಂಟ್ ಅಥವಾ ಬೈಪಾಸ್ ಮಾಡಿಸಿಕೊಂಡವರು ಎಂಆರ್‌ಐ ಗುಂಪಿನಲ್ಲಿ ಶೇ. 35.7, ಇನ್ನೊಂದರಲ್ಲಿ ಶೇ. 45. ಕಡಿಮೆ ಸ್ಟೆಂಟ್, ಅಷ್ಟೇ ಕ್ಷೇಮ. 2021ರ ಅಮೆರಿಕದ ಎದೆನೋವಿನ ಮಾರ್ಗಸೂಚಿ ಸ್ಟ್ರೆಸ್ ಎಂಆರ್‌ಐಗೆ ಮೊದಲ ದರ್ಜೆಯ ಶಿಫಾರಸು ಕೊಟ್ಟದ್ದು ಇಂಥ ಪುರಾವೆಗಳು ಕೂಡಿಬಂದ ಮೇಲೆ.

‘ಆಂಜಿಯೋ ನಾರ್ಮಲ್, ಮನೆಗೆ ಹೋಗಿ’

ಎದೆನೋವು ಬಂದು, ಹೃದಯ ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಸೇರುವ ಟ್ರೋಪೋನಿನ್ ಏರಿ, ಆಂಜಿಯೋ ಮಾಡಿದರೆ ದೊಡ್ಡ ಬ್ಲಾಕ್ ಏನೂ ಇಲ್ಲ. ಇಂಥವರು ಇರುತ್ತಾರೆ, ಅವರಲ್ಲಿ ಹೆಂಗಸರ ಪಾಲು ಜಾಸ್ತಿ. ಅನೇಕ ಸಲ ‘ಟೆನ್ಷನ್ ಮಾಡ್ಕೋಬೇಡಿ’ ಅಂತ ಕಳಿಸಿಬಿಡುತ್ತಾರೆ. 2021ರಲ್ಲಿ ಇಂಥ ಹೆಂಗಸರ ಮೇಲೆಯೇ ನಡೆದ ಹಾರ್ಪ್ ಅಧ್ಯಯನ ಪ್ರಕಟವಾಯಿತು. ರಕ್ತನಾಳದ ಒಳಗಿನಿಂದ ಬೆಳಕಿನಲ್ಲಿ ತೆಗೆಯುವ ಒಸಿಟಿ ಚಿತ್ರ ಮತ್ತು ಹೃದಯದ ಎಂಆರ್‌ಐ ಎರಡೂ ಆದ 116 ಮಂದಿಯಲ್ಲಿ 98 ಮಂದಿಗೆ ಕಾರಣ ಸಿಕ್ಕಿತು. ಹೆಚ್ಚಿನವರಿಗೆ ನಿಜಕ್ಕೂ ಅಟ್ಯಾಕೇ ಆಗಿತ್ತು. ಉಳಿದವರಿಗೆ ಸ್ನಾಯುವಿನ ಉರಿಯೂತ, ಆಘಾತದಿಂದ ಹೃದಯ ತಾತ್ಕಾಲಿಕವಾಗಿ ಸೋಲುವ ತಕೋತ್ಸುಬೋ ಮುಂತಾದವು ಇದ್ದವು. ಚಿಕಿತ್ಸೆ ಒಂದೊಂದಕ್ಕೂ ಬೇರೆ. ಅಟ್ಯಾಕ್ ಆದವರಿಗೆ ಆಸ್ಪಿರಿನ್, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಬಹುಕಾಲ ಬೇಕಾಗಬಹುದು, ಉರಿಯೂತದವರಿಗೆ ಅದರಿಂದ ಪ್ರಯೋಜನ ಇಲ್ಲ. ಎಂಆರ್‌ಐ ಪಕ್ಕಾ ಬೇಕೇಬೇಕು ಅನ್ನುವ ಸಂದರ್ಭ ಯಾವುದು ಅಂತ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ಅದೂ ತಿಂಗಳುಗಟ್ಟಲೆ ಬಿಟ್ಟಲ್ಲ, ಆದಷ್ಟು ಬೇಗ. ತಡವಾದರೆ ಊತದ ಗುರುತು ಮಾಯವಾಗಿರುತ್ತದೆ.

ದೊಡ್ಡ ನಾಳ ಸರಿಯಿದ್ದು, ಕಣ್ಣಿಗೆ ಕಾಣದ ಸಣ್ಣ ನಾಳಗಳಲ್ಲಿ ತೊಂದರೆ ಇರುವವರೂ ಇದ್ದಾರೆ. ಈಗಿನ ಕೆಲವು ಯಂತ್ರಗಳು ಒಂದು ಗ್ರಾಂ ಸ್ನಾಯುವಿಗೆ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ರಕ್ತ ಬರುತ್ತಿದೆ ಅಂತ ಸಂಖ್ಯೆಯಲ್ಲೇ ಹೇಳುತ್ತವೆ. ಹೃದಯದ ಎಲ್ಲ ಕಡೆ ಒಂದೇ ಸಮ ಕೊರತೆ ಇದ್ದಾಗ ಕಣ್ಣು ಮೋಸ ಹೋಗುತ್ತದೆ, ಸಂಖ್ಯೆ ಹೋಗುವುದಿಲ್ಲ.

ಇಷ್ಟೆಲ್ಲ ತಿಳಿದು ಏನು ಮಾಡುವುದು?

ಇಲ್ಲಿಯವರೆಗೆ ಓದಿದರೆ ಎಂಆರ್‌ಐಯೇ ಎಲ್ಲಕ್ಕೂ ಮದ್ದು ಅನ್ನಿಸಬಹುದು. ಹಾಗಿಲ್ಲ. ಕಳೆದ ಕೆಲವು ವರ್ಷಗಳಲ್ಲಿ ಬಂದ ಎರಡು ಅಧ್ಯಯನಗಳು ಹೃದಯ ವೈದ್ಯರ ನಂಬಿಕೆಯನ್ನೇ ಅಲುಗಾಡಿಸಿವೆ.

ಒಂದು, 2020ರಲ್ಲಿ ಪ್ರಕಟವಾದ ಇಸ್ಕೀಮಿಯಾ ಅಧ್ಯಯನ. ಭಾರತವೂ ಸೇರಿ 37 ದೇಶಗಳ 5,179 ರೋಗಿಗಳು. ಎಲ್ಲರಿಗೂ ಸ್ಟ್ರೆಸ್ ಪರೀಕ್ಷೆಯಲ್ಲಿ ಮಧ್ಯಮ ಅಥವಾ ತೀವ್ರ ರಕ್ತದ ಕೊರತೆ ಕಂಡಿತ್ತು. ಅರ್ಧ ಮಂದಿಗೆ ಔಷಧದ ಜೊತೆ ಆಂಜಿಯೋ, ಸ್ಟೆಂಟ್ ಅಥವಾ ಬೈಪಾಸ್. ಉಳಿದವರಿಗೆ ಮೊದಲು ಔಷಧ ಮಾತ್ರ. ಮೂರು ವರ್ಷಕ್ಕೂ ಹೆಚ್ಚು ಕಾಲ ನೋಡಿದರೂ ಸಾವು, ಅಟ್ಯಾಕ್ ಮುಂತಾದವುಗಳ ಒಟ್ಟು ಲೆಕ್ಕದಲ್ಲಿ ಎರಡೂ ಗುಂಪಿಗೆ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಎದೆನೋವು ಪದೇಪದೇ ಬರುತ್ತಿದ್ದವರಿಗೆ ಮಾತ್ರ ಸ್ಟೆಂಟ್‌ನಿಂದ ನೆಮ್ಮದಿ ಸಿಕ್ಕಿತು. ಎಡಗಡೆಯ ಮುಖ್ಯ ನಾಳದಲ್ಲಿ, ಅಂದರೆ ‘ಲೆಫ್ಟ್ ಮೇನ್’ನಲ್ಲಿ ದೊಡ್ಡ ಬ್ಲಾಕ್ ಇದ್ದವರನ್ನು ಮೊದಲೇ ಹೊರಗಿಟ್ಟಿದ್ದರು. ಆಗತಾನೇ ಅಟ್ಯಾಕ್ ಆದವರೂ ಇದರಲ್ಲಿಲ್ಲ. ಅವರಿಗೆ ಈ ಮಾತು ಅನ್ವಯಿಸುವುದಿಲ್ಲ.

ಎರಡನೆಯದು 2022ರ ರಿವೈವ್ಡ್. ಇದು ಎಂಆರ್‌ಐ ಕಟ್ಟಿಕೊಟ್ಟ ನಂಬಿಕೆಗೇ ನೇರ ಪರೀಕ್ಷೆ. ಪಂಪಿಂಗ್ 35 ಅಥವಾ ಅದಕ್ಕಿಂತ ಕಡಿಮೆ ಇದ್ದ, ಆದರೆ ಜೀವಂತ ಸ್ನಾಯು ಸಾಕಷ್ಟಿದೆ ಅಂತ ಸ್ಕ್ಯಾನ್‌ನಲ್ಲಿ ಖಚಿತವಾದ 700 ಮಂದಿ. ಬಹಳಷ್ಟು ಮಂದಿಗೆ ಆ ಸ್ಕ್ಯಾನ್ ಎಂಆರ್‌ಐಯೇ ಆಗಿತ್ತು. ಸ್ನಾಯು ಬದುಕಿದೆ, ರಕ್ತ ಕೊಟ್ಟರೆ ಎದ್ದು ಕೂರುತ್ತದೆ ಅನ್ನುವುದು ಎಲ್ಲರ ಲೆಕ್ಕಾಚಾರ. ಸ್ಟೆಂಟ್ ಹಾಕಿದವರಲ್ಲಿ ಸಾವು ಅಥವಾ ಹಾರ್ಟ್ ಫೇಲ್ಯೂರ್‌ಗೆ ಆಸ್ಪತ್ರೆ ಸೇರಿದ್ದು ಶೇ. 37.2. ಔಷಧದಲ್ಲೇ ಇದ್ದವರಲ್ಲಿ ಶೇ. 38. ವ್ಯತ್ಯಾಸವೇ ಇಲ್ಲ. ಆಮೇಲೆ ಇದೇ ತಂಡ ಇನ್ನೂ ಕೆದಕಿ ನೋಡಿತು. ಜೀವಂತ ಸ್ನಾಯು ಎಷ್ಟಿದೆ ಅನ್ನುವುದು ಯಾರಿಗೆ ಸ್ಟೆಂಟ್ ಫಲ ಕೊಡುತ್ತದೆ ಅಂತ ಹೇಳಲಿಲ್ಲ. ಸತ್ತ ಸ್ನಾಯು ಎಷ್ಟಿದೆ ಅನ್ನುವುದು ಮಾತ್ರ ಮುಂದೇನಾಗುತ್ತದೆ ಅನ್ನುವುದರ ಸುಳಿವು ಕೊಟ್ಟಿತು.

ಹಾಗಾದರೆ 2000ದ ಆ ಅಧ್ಯಯನ ಸುಳ್ಳಾ? ಅಲ್ಲ. ಗೋಡೆಯ ಒಂದು ಭಾಗ ಮತ್ತೆ ಅಲುಗಾಡುವುದು ಬೇರೆ, ಮನುಷ್ಯ ಹೆಚ್ಚು ಕಾಲ ಬದುಕುವುದು ಬೇರೆ. ಈಗಿನ ಔಷಧಗಳೂ ಇಪ್ಪತ್ತು ವರ್ಷ ಹಿಂದಿನವುಗಳಿಗಿಂತ ಎಷ್ಟೋ ಚುರುಕು, ಅವೇ ಪಂಪಿಂಗ್ ಏರಿಸುತ್ತವೆ. ಬೈಪಾಸ್‌ನ ಕತೆಯೂ ಸ್ವಲ್ಪ ಬೇರೆ. ಸ್ಟಿಚ್ ಅನ್ನುವ ಅಧ್ಯಯನದಲ್ಲಿ ಹತ್ತು ವರ್ಷ ಕಾದು ನೋಡಿದಾಗ ಬೈಪಾಸ್ ಆದವರಲ್ಲಿ ಶೇ. 58.9, ಔಷಧ ಮಾತ್ರ ತೆಗೆದುಕೊಂಡವರಲ್ಲಿ ಶೇ. 66.1 ಮಂದಿ ತೀರಿಕೊಂಡಿದ್ದರು. ಲಾಭ ಇದೆ, ಆದರೆ ನಿಧಾನ. ಆ ಅಧ್ಯಯನದಲ್ಲೂ ಜೀವಂತ ಸ್ನಾಯುವಿನ ಪರೀಕ್ಷೆ ಯಾರಿಗೆ ಲಾಭ ಅಂತ ಬೇರ್ಪಡಿಸಿ ಹೇಳಲಿಲ್ಲ. ಅಲ್ಲಿ ಬಳಸಿದ್ದು ಎಂಆರ್‌ಐ ಅಲ್ಲ, ಹಳೆಯ ವಿಧಾನಗಳು ಅನ್ನುವುದನ್ನೂ ನೆನಪಿಡಬೇಕು.

ಇದೆಲ್ಲದರಿಂದ ನನಗೆ ಅನ್ನಿಸುವುದು ಹೀಗೆ. ‘ಸ್ನಾಯು ಬದುಕಿದೆ, ಆದ್ದರಿಂದ ಸ್ಟೆಂಟ್ ಹಾಕಿ’ ಅನ್ನುವ ಸರಳ ದಾರಿಗೆ ಎಂಆರ್‌ಐಯನ್ನು ಬಳಸಬಾರದು. ‘ಇಲ್ಲಿ ಬರೀ ಕಲೆ ಇದೆ, ಸ್ಟೆಂಟ್‌ನಿಂದ ಏನೂ ಆಗದು’ ಅಂತ ಹೇಳಲು, ‘ರಕ್ತದ ಕೊರತೆ ಕಾಣುತ್ತಿಲ್ಲ, ಆಂಜಿಯೋ ಬೇಡ’ ಅಂತ ಹೇಳಲು ಅದು ಚೆನ್ನಾಗಿ ಒದಗುತ್ತದೆ. ಬೇಡ ಅನ್ನಲು ಧೈರ್ಯ ಕೊಡುವ ಪರೀಕ್ಷೆ ಇದು. ನಮ್ಮ ವೈದ್ಯಕೀಯ ವ್ಯವಸ್ಥೆಯಲ್ಲಿ ಬೇಡ ಅನ್ನುವುದಕ್ಕೆ ಬಿಲ್ ಆಗುವುದಿಲ್ಲ. ಈ ಪರೀಕ್ಷೆ ಜನಪ್ರಿಯವಾಗದಿರಲು ಅದೂ ಒಂದು ಕಾರಣ ಇರಬಹುದು.

ಕಲೆಯ ಲೆಕ್ಕಕ್ಕೆ ಬೇರೆ ಉಪಯೋಗಗಳೂ ಇವೆ. ಹಠಾತ್ ಸಾವಿಗೆ ಕಾರಣವಾಗುವ ತಾಳ ತಪ್ಪಿದ ಬಡಿತ ಹುಟ್ಟುವುದು ಹೆಚ್ಚಾಗಿ ಕಲೆಯ ಅಂಚಿನಿಂದ. ಅಂಥ ಬಡಿತವನ್ನು ಶಾಕ್ ಕೊಟ್ಟು ಸರಿಪಡಿಸುವ ಐಸಿಡಿ ಯಂತ್ರವನ್ನು ಮೈಯೊಳಗೆ ಹಾಕುವ ತೀರ್ಮಾನ ಮುಖ್ಯವಾಗಿ ಪಂಪಿಂಗ್ ಸಂಖ್ಯೆಯ ಮೇಲೆ ನಿಂತಿದೆ: ಅಟ್ಯಾಕ್ ಆಗಿ 40 ದಿನ ಕಳೆದ ಮೇಲೂ 35ಕ್ಕಿಂತ ಮೇಲೆ ಬರದಿದ್ದರೆ ಯೋಚಿಸುತ್ತಾರೆ. ಪಂಪಿಂಗ್ 40 ಇದ್ದು ದೊಡ್ಡ ಕಲೆ ಇರುವವರು ಈ ಲೆಕ್ಕದಿಂದ ಹೊರಗೆ ಉಳಿದುಬಿಡುತ್ತಾರೆ. ಇನ್ನು ಅಟ್ಯಾಕ್ ಆದ ಮೇಲೆ ಹೃದಯದ ತುದಿಯಲ್ಲಿ ರಕ್ತ ಹೆಪ್ಪುಗಟ್ಟಿದೆಯಾ ಅಂತ ನೋಡಲು ಎಕೋಗಿಂತ ಎಂಆರ್‌ಐ ಎಷ್ಟೋ ಮೇಲು. ಆ ಹೆಪ್ಪು ಮೆದುಳಿಗೆ ಹೋದರೆ ಪಾರ್ಶ್ವವಾಯು.

ಯಾರಿಗೆ ಬೇಡ, ಯಾರು ಹೆದರಬೇಕಿಲ್ಲ

ಎದೆನೋವು ಈಗಲೇ ಶುರುವಾಗಿದೆ ಅಂದರೆ ಎಂಆರ್‌ಐ ಮಾತೇ ಬೇಡ. ಇಸಿಜಿ, ಟ್ರೋಪೋನಿನ್, ಆದಷ್ಟು ಬೇಗ ನಾಳ ತೆರೆಯುವುದು, ಇಷ್ಟೇ. ಕರ್ನಾಟಕ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಇಂಜೆಕ್ಷನ್ ಕೊಡುವುದು ಇದೇ ಕಾರಣಕ್ಕೆ. ಆ ಹೊತ್ತಿನಲ್ಲಿ ಸ್ಕ್ಯಾನ್ ಹುಡುಕಿಕೊಂಡು ಹೋದರೆ ಸ್ನಾಯು ಕಾಯುವುದಿಲ್ಲ.

ಏನೂ ತೊಂದರೆ ಇಲ್ಲದವರಿಗೂ ಬೇಡ. ಸುಮ್ನೆ ಒಂದ್ಸಲ ನೋಡೋಣ ಅಂತ ಮಾಡಿಸುವ ಪರೀಕ್ಷೆ ಇದಲ್ಲ. ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ನೋಡಿಸಿ, ಸಿಗರೇಟು ಬಿಟ್ಟರೆ ಅದಕ್ಕಿಂತ ಹೆಚ್ಚು ಲಾಭ.

‘ಸ್ಟೆಂಟ್ ಹಾಕಿದೆ, ಎಂಆರ್‌ಐ ಮಾಡಿಸಬಾರದಂತೆ’ ಅನ್ನುವ ಮಾತು ನಮ್ಮಲ್ಲಿ ಬೇರೂರಿದೆ. ಅದು ತಪ್ಪು. ಹೃದಯದ ಸ್ಟೆಂಟ್‌ಗಳು ಎಂಆರ್‌ಐಗೆ ತೊಂದರೆ ಕೊಡುವುದಿಲ್ಲ, ಈಗಿನ ಕೃತಕ ಕವಾಟಗಳೂ ಹಾಗೇ. ಪೇಸ್‌ಮೇಕರ್ ಇದ್ದರೆ ಅದರ ಕಾರ್ಡ್ ತಂದು ತೋರಿಸಬೇಕು. ಹೊಸ ಮಾದರಿಗಳಲ್ಲಿ ಬಹಳಷ್ಟು ಎಂಆರ್‌ಐಗೆ ಹೊಂದುವಂತೆಯೇ ಬರುತ್ತವೆ, ಆದರೂ ಸ್ಕ್ಯಾನ್‌ಗೆ ಮೊದಲು ಸೆಟ್ಟಿಂಗ್ ಬದಲಿಸಬೇಕಾಗುತ್ತದೆ. ಮೆದುಳಿನಲ್ಲಿ ಹಳೆಯ ಲೋಹದ ಕ್ಲಿಪ್, ಕಣ್ಣಿನಲ್ಲಿ ಲೋಹದ ಚೂರು ಇದ್ದರೆ ಖಂಡಿತ ಹೇಳಬೇಕು. ವೆಲ್ಡಿಂಗ್ ಕೆಲಸ ಮಾಡಿದವರು ಈ ಮಾತನ್ನು ಮರೆಯಬಾರದು. ಕಿಡ್ನಿ ತೀರಾ ಸೋತವರಿಗೆ ಹಳೆಯ ಗ್ಯಾಡೋಲಿನಿಯಂ ಔಷಧಗಳಿಂದ ಚರ್ಮ ಗಟ್ಟಿಯಾಗುವ ಗಂಭೀರ ಕಾಯಿಲೆ ಬಂದದ್ದುಂಟು. ಈಗ ಬಳಸುವ ಹೊಸ ಬಗೆಯವುಗಳಲ್ಲಿ ಅದು ಬಹಳ ಅಪರೂಪ, ಆದರೂ ಕಿಡ್ನಿಯ ಕೆಲಸ ತಿಳಿಸುವ ಕ್ರಿಯಾಟಿನಿನ್ ರಿಪೋರ್ಟ್ ಜೊತೆಗಿರಲಿ. ಇಕ್ಕಟ್ಟಿನ ಕೊಳವೆಯಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಮಲಗಬೇಕು, ಯಂತ್ರದ ಸದ್ದು ಜೋರು. ಉಸಿರು ಕಟ್ಟಿದಂತಾಗಿ ಎದ್ದು ಬರುವವರೂ ಇದ್ದಾರೆ.

ಯಂತ್ರ ಇದೆ, ಹೃದಯಕ್ಕೆ ಸರದಿ ಇಲ್ಲ

ಎಂಆರ್‌ಐ ಯಂತ್ರಗಳೇನೋ ಈಗ ಜಿಲ್ಲಾ ಕೇಂದ್ರಗಳಲ್ಲೂ ಇವೆ. ಅವುಗಳ ಮೇಲೆ ಮಲಗುವುದು ಮೆದುಳು, ಬೆನ್ನುಮೂಳೆ, ಮಂಡಿ. ಒಂದು ಹೃದಯ ನೋಡುವ ಹೊತ್ತಿನಲ್ಲಿ ಎರಡು ಮೂರು ಬೆನ್ನು ನೋಡಿ ಮುಗಿಸಬಹುದು. ಹೃದಯಕ್ಕೆ ಬೇರೆ ಸಾಫ್ಟ್‌ವೇರ್, ಇಸಿಜಿ ಜೋಡಣೆ ಬೇಕು. ಅಡೆನೋಸಿನ್ ಕೊಡುವಾಗ ಪಕ್ಕದಲ್ಲಿ ವೈದ್ಯರು ಇರಬೇಕು. ಚಿತ್ರ ತೆಗೆಯಲು ಗೊತ್ತಿರುವ ಟೆಕ್ನೀಷಿಯನ್, ಓದಲು ಗೊತ್ತಿರುವ ರೇಡಿಯಾಲಜಿಸ್ಟ್ ಅಥವಾ ಹೃದಯ ತಜ್ಞರು ಬೇಕು. ಇವರು ಸಿಗುವುದು ಹೆಚ್ಚಾಗಿ ದೊಡ್ಡ ನಗರಗಳಲ್ಲಿ. ಬೆಂಗಳೂರಿನ ವಾಕ್ಸೆಲ್‌ಗ್ರಿಡ್ಸ್ ಕಂಪನಿ ದೇಶದಲ್ಲೇ 1.5 ಟೆಸ್ಲಾ ಎಂಆರ್‌ಐ ಯಂತ್ರ ತಯಾರಿಸಿದೆ. ಯಂತ್ರ ಅಗ್ಗವಾಗುವುದು ಒಳ್ಳೆಯದೇ. ಆದರೆ ಯಂತ್ರ ಅಗ್ಗವಾದ ಮಾತ್ರಕ್ಕೆ ಹೃದಯದ ಚಿತ್ರ ಓದುವವರು ಹುಟ್ಟಿಬಿಡುವುದಿಲ್ಲ.

ಸಮಯದ ಅಡ್ಡಿಯನ್ನು ಕಡಿಮೆ ಮಾಡಬಹುದು ಅನ್ನುವುದನ್ನು ಪೆರು ದೇಶ ತೋರಿಸಿದೆ. ಲಿಮಾ ನಗರದಲ್ಲಿ ಲಂಡನ್ನಿನ ತಂಡದೊಂದಿಗೆ ಸೇರಿ ಪರೀಕ್ಷೆಯನ್ನು ಮೊಟಕುಗೊಳಿಸಿದರು. ಹೃದಯದ ಚಲನೆ ಮತ್ತು ಕಲೆ, ಇವೆರಡನ್ನೇ ಮುಖ್ಯವಾಗಿಟ್ಟುಕೊಂಡು ಒಬ್ಬರನ್ನು ಸುಮಾರು 20 ನಿಮಿಷದಲ್ಲಿ ಮುಗಿಸಿದರು. ಸ್ಟ್ರೆಸ್ ಪರೀಕ್ಷೆ ಅದರಲ್ಲಿಲ್ಲ ನಿಜ. ಆದರೆ ಅಟ್ಯಾಕ್ ಆಗಿ ಪಂಪಿಂಗ್ ಇಳಿದವರಿಗೆ, ಸ್ಟೆಂಟೋ ಬೈಪಾಸೋ ಬರೀ ಔಷಧವೋ ಅಂತ ಗೊಂದಲದಲ್ಲಿರುವವರಿಗೆ ಬೇಕಾದ್ದು ಅಷ್ಟೇ. ಅಡೆನೋಸಿನ್ ಇಲ್ಲದ್ದರಿಂದ ವೈದ್ಯರು ಪಕ್ಕದಲ್ಲೇ ನಿಂತಿರಬೇಕು ಅನ್ನುವ ಷರತ್ತೂ ಸಡಿಲವಾಗುತ್ತದೆ. ಹೃದಯ ಜ್ಯೋತಿಯಲ್ಲಿ ತಾಲ್ಲೂಕಿನ ಇಸಿಜಿಯನ್ನು ದೂರದ ತಜ್ಞರು ನೋಡಿ ಹೇಳುವ ವ್ಯವಸ್ಥೆ ಆಗಲೇ ಇದೆ. ಜಿಲ್ಲಾ ಕೇಂದ್ರದ ಯಂತ್ರದಲ್ಲಿ ವಾರಕ್ಕೆ ಅರ್ಧ ದಿನ ಹೃದಯಕ್ಕೆ ಬಿಟ್ಟು, ಟೆಕ್ನೀಷಿಯನ್‌ಗೆ ತರಬೇತಿ ಕೊಟ್ಟು, ಚಿತ್ರಗಳನ್ನು ಬೆಂಗಳೂರಿಗೋ ಮೈಸೂರಿಗೋ ಕಳಿಸಿ ಓದಿಸಲು ಹೊಸ ಕಟ್ಟಡ ಬೇಕಿಲ್ಲ. ಬೇಕಿರುವುದು ಸರ್ಕಾರಿ ವಿಮೆಯ ದರಪಟ್ಟಿಯಲ್ಲಿ ಈ ಮೊಟಕು ಪರೀಕ್ಷೆಗೆ ಒಂದು ಸಾಲು, ಮತ್ತು ಆಂಜಿಯೋ ರಿಪೋರ್ಟ್ ಜೊತೆಗೆ ಸ್ನಾಯುವಿನ ರಿಪೋರ್ಟ್ ಎಲ್ಲಿ ಅಂತ ಕೇಳುವ ಹೃದಯ ತಜ್ಞರು.